ಮುಕ್ಕಾಲು ರಿಯಾಯಿತಿ

ನಮ್ಮ ಹುಡುಗಿ ಮುಟ್ಟಿದ್ದಕ್ಕೆ ಕಂಪ್ಯೂಟರು ಕೆಟ್ಟಿತು ಅಂತ ಊರು ಹೇಳುತ್ತದೆ. ಸುಳ್ಳು. ಅದು ಕೆಟ್ಟದ್ದು ಗಂಜಲದಿಂದ. ಒಂದು ತಂಬಿಗೆ ಗಂಜಲ. ಸುರಿದವರು ಯಾರು, ಯಾಕೆ ಸುರಿದರು, ನನಗೆ ಗೊತ್ತು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ.

ನನ್ನ ಹೆಸರು ಸುಜಾತಾ. ಕೂಡ್ಲಿಗಿಯಿಂದ ಕೊಟ್ಟೂರಿನ ಕಡೆ ಹೋಗುವ ದಾರಿಯಲ್ಲಿ ಸಿಡಿಗಲ್ಲು ಅಂತ ಒಂದು ಹಳ್ಳಿ. ಆ ಹಳ್ಳಿಯ ಮಾದಿಗರ ಕೇರಿಯವಳು ನಾನು. ಪಿಯುಸಿ ಓದಿದ್ದೇನೆ. ಕೇರಿಯ ಗ್ರಂಥಾಲಯಕ್ಕೆ ಮೇಲ್ವಿಚಾರಕಿ. ಹುದ್ದೆಯ ಹೆಸರು ದೊಡ್ಡದು, ಕೆಲಸ ಬೀಗ ತೆಗೆಯುವುದು, ಕಸ ಹೊಡೆಯುವುದು, ಪೇಪರು ಹರಡುವುದು.

ಗ್ರಂಥಾಲಯ ಅಂದರೆ ಒಂದೇ ಒಂದು ಕೋಣೆ. ಅದನ್ನು ಯಾವ ಸರ್ಕಾರವೂ ಕಟ್ಟಿಸಲಿಲ್ಲ. ಗುಡ್ಡದಿಂದ ಕಲ್ಲು ಹೊತ್ತು ತಂದವಳು ನನ್ನ ಅವ್ವ ದ್ಯಾಮಕ್ಕ. ಗೋಡೆ ಏರಿಸಿದವನು ನನ್ನ ಅಣ್ಣ ಮಾರೇಶ್. ಕೇರಿಯ ಹೆಂಗಸರೆಲ್ಲ ಮಣ್ಣು ಕಲಸಿದರು. ಮೇಲೆ ತಗಡು ಹೊದಿಸಿದೆವು. ಬೇಸಿಗೆಯಲ್ಲಿ ಒಳಗೆ ಕೂತರೆ ನೆತ್ತಿ ಕಾಯುತ್ತದೆ. ಆದರೂ ನಮ್ಮ ಹುಡುಗರು, ಹುಡುಗಿಯರು ಅಲ್ಲೇ ಕೂರುತ್ತಾರೆ. ಸಿಡಿಗಲ್ಲಿನಲ್ಲಿ ನಾವು ಕುರ್ಚಿಯ ಮೇಲೆ ಕೂರಬಹುದಾದ ಜಾಗ ಅದೊಂದೇ.

ಎರಡು ಸಾವಿರದ ನಾಲ್ಕನೇ ಇಸವಿ. ಪೇಪರಿನಲ್ಲಿ ಒಂದು ಸುದ್ದಿ ಬಂತು. ಹಳ್ಳಿಯ ಶಾಲೆಗಳಿಗೆ, ಗ್ರಂಥಾಲಯಗಳಿಗೆ ಸರ್ಕಾರ ಕಂಪ್ಯೂಟರು ಕೊಡುತ್ತದಂತೆ. ಟೆಲಿಫೋನು ಕೇಬಲ್ಲು ಎಳೆದು ಇಂಟರ್‌ನೆಟ್ಟನ್ನೂ ಕೊಡುತ್ತದಂತೆ. ಅದರ ಬಾಡಿಗೆಯಲ್ಲಿ ಶಾಲೆಗೆ ಅರ್ಧ ರಿಯಾಯಿತಿ. ಪರಿಶಿಷ್ಟರ ಕಾಲೋನಿಯಲ್ಲಿರುವ ಗ್ರಂಥಾಲಯಕ್ಕೆ ಮುಕ್ಕಾಲು ರಿಯಾಯಿತಿ. ಉಳಿದ ಕಾಲು ಭಾಗ ಪಂಚಾಯಿತಿ ಕಟ್ಟಬೇಕು. ಆ ಸುದ್ದಿಯನ್ನು ನಾನು ಮತ್ತೆ ಮತ್ತೆ ಓದಿದೆ. ನಮ್ಮ ಕೋಣೆಗೇ ಬರೆದ ಹಾಗಿತ್ತು.

ಇಂಟರ್‌ನೆಟ್ಟು ನಮಗೆ ಶೋಕಿಗೆ ಬೇಕಿರಲಿಲ್ಲ. ಎಸ್ಸೆಸ್ಸೆಲ್ಸಿ ರಿಸಲ್ಟು ಮೊದಲು ಅಲ್ಲೇ ಬರುತ್ತದೆ. ಡಿಪ್ಲೊಮಾ ಅರ್ಜಿ, ಹಾಸ್ಟೆಲ್ ಸೀಟು, ಕೊನೆಯ ತಾರೀಖು, ಎಲ್ಲ ಅಲ್ಲೇ ಹಾಕುತ್ತಾರೆ. ಹಿಂದಿನ ವರ್ಷ ನಮ್ಮ ಕೇರಿಯ ಭರಮಮ್ಮ ಒಳ್ಳೆ ನಂಬರಿನಲ್ಲಿ ಪಾಸಾಗಿದ್ದಳು. ಅರ್ಜಿಯ ಸುದ್ದಿ ನಮಗೆ ಮುಟ್ಟುವಷ್ಟರಲ್ಲಿ ತಾರೀಖು ಮುಗಿದಿತ್ತು. ಭರಮಮ್ಮ ಈಗ ಹಡಗಲಿ ಕಡೆ ಕಬ್ಬು ಕಡಿಯುತ್ತಾಳೆ. ಈ ವರ್ಷ ನಮ್ಮ ಪಕ್ಕದ ಮನೆಯ ಚೌಡಣ್ಣನ ಮಗಳು ದುರ್ಗಾದೇವಿ ಹತ್ತನೇ ಕ್ಲಾಸು. ತಗಡಿನ ಕೆಳಗೆ ಬೆವರು ಒರೆಸಿಕೊಂಡು ಓದುವವಳು. ಅವಳ ಕೈಗೂ ಕಬ್ಬಿನ ಕುಡುಗೋಲು ಬರಬಾರದು. ಅವಳ ರಿಸಲ್ಟು ಬರುವುದರೊಳಗೆ ನಮ್ಮ ಕೋಣೆಗೆ ಲೈನು ಬರಬೇಕು. ನನಗಿದ್ದದ್ದು ಅದೊಂದೇ ಹಟ.

ಕೂಡ್ಲಿಗಿಗೆ ಹೋದೆ. ಅದಿರಿನ ಲಾರಿಗಳ ಕೆಂಪು ಧೂಳು ಕುಡಿದು ಆಫೀಸು ಮುಟ್ಟಿದೆ. ಗುಮಾಸ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಯಾವೂರು?"

"ಸಿಡಿಗಲ್ಲು ರೀ."

"ಊರಾಗಿನಾಕೇನು, ಕಾಲೋನ್ಯಾಗಿನಾಕೇನು?"

"ಕಾಲೋನ್ಯಾಗಿನಾಕಿ ರೀ."

ಫಾರಮ್ಮನ್ನು ನನ್ನ ಕೈಗೆ ಕೊಡಲಿಲ್ಲ. ಮೇಜಿನ ಅಂಚಿಗೆ ತಳ್ಳಿದ. ಪೂರ್ತಿ ಇಂಗ್ಲಿಷು. ನಾನು ಅಲ್ಲೇ ಗೋಡೆಗೆ ಇಟ್ಟುಕೊಂಡು ತುಂಬಿದೆ. ಅವನು ಓದಿ, "ಪರವಾಗಿಲ್ವೇ, ಬರೆಯಾಕ ಬರ್ತೈತಿ ನಿಂಗ" ಅಂದ. ಹೊಗಳಿದೆ ಅಂತ ತಿಳಿದಿದ್ದ. ಪಂಚಾಯಿತಿಯ ಸಹಿ ಬೇಕು ಅಂತ ವಾಪಸು ಕಳಿಸಿದ.

ನಮ್ಮ ಪಂಚಾಯಿತಿಗೆ ಅಧ್ಯಕ್ಷೆ ನಮ್ಮ ಕೇರಿಯ ಅಂಜಿನಕ್ಕ. ಮೀಸಲಾತಿ ಬಂದಿತ್ತು, ಅದಕ್ಕೆ ಅವಳನ್ನು ಮಾಡಿದರು. ಮೀಟಿಂಗಿನಲ್ಲಿ ಅವಳು ನೆಲದ ಮೇಲೆ ಕೂರುತ್ತಾಳೆ. ಕುರ್ಚಿಯ ಮೇಲೆ ಉಪಾಧ್ಯಕ್ಷ ಬೆನಕಪ್ಪ ಕೂರುತ್ತಾನೆ. ಅವನು ತೋರಿಸಿದಲ್ಲಿ ಅವಳು ಹೆಬ್ಬೆಟ್ಟು ಒತ್ತುತ್ತಾಳೆ. ಊರಿನ ಗುಡಿ, ಗುಡಿಯ ಪಕ್ಕದ ಭವನ, ಹಿಟ್ಟಿನ ಗಿರಣಿ, ಎಲ್ಲ ಬೆನಕಪ್ಪನ ಮಾತಿನ ಮೇಲೆ ನಡೆಯುತ್ತವೆ. ಹಾಗಾಗಿ ನಾನು ಬೆನಕಪ್ಪನ ಮನೆಗೇ ಹೋದೆ. ಅವನು ಕಟ್ಟೆಯ ಮೇಲೆ, ನಾನು ಕೆಳಗೆ ಬಿಸಿಲಲ್ಲಿ. ಅವನು ಕನ್ನಡಕ ಹಾಕಿಕೊಂಡು ಓದಿದ.

"ಶಾಲಿಯೋರು ಹಾಕಿದ್ರ ಅರ್ಧ. ನೀವು ಹಾಕಿದ್ರ ಮುಕ್ಕಾಲು ಬಿಡ್ತಾರೇನು?"

"ಹೌದ್ರಿ."

"ಕಂಪ್ಯೂಟ್ರು ಪುಕ್ಕಟ?"

"ಪುಕ್ಕಟ ರೀ."

ಬೆನಕಪ್ಪ ನಕ್ಕ. "ನಿಮ್ಮಿಂದನೂ ಊರಿಗೆ ಒಂದು ಉಪಯೋಗ ಆತು ಬಿಡು."

ಸಹಿ ಹಾಕಿದ. ಅಂಜಿನಕ್ಕನನ್ನು ಕರೆಸಿ ಹೆಬ್ಬೆಟ್ಟು ಒತ್ತಿಸಿದ. ನಾನು ಕೇರಿಗೆ ಓಡುತ್ತ ಬಂದೆ. ಅವನು ನಕ್ಕದ್ದು ಯಾಕೆ ಅಂತ ಆಗ ನನಗೆ ಹೊಳೆಯಲಿಲ್ಲ. ಕೋಣೆಯಲ್ಲಿ ಒಂದು ಮೇಜಿಗೆ ಜಾಗ ಮಾಡಿದೆವು. ಮಾರೇಶ್ ಆ ಜಾಗದ ಮೇಲೆ ತಗಡಿಗೆ ಡಾಂಬರು ಹಚ್ಚಿದ, ಸೋರಬಾರದು ಅಂತ.

ಮಂಜೂರಾಯಿತು. ಸಂಕ್ರಾಂತಿ ಕಳೆದ ಮೇಲೆ ಕೇಬಲ್ಲಿನ ಉರುಳೆ ಬಂತು. ಕೊಟ್ಟೂರು ರಸ್ತೆಯಿಂದ ಊರಿನ ತನಕ ನೆಲದಲ್ಲಿ ಕಾಲುವೆ ತೋಡಿ ಕೇಬಲ್ಲು ಹೂಳಬೇಕು. ತೋಡುವ ಕೆಲಸ ನಮ್ಮದು. ಸಿಡಿಗಲ್ಲಿನಲ್ಲಿ ನೆಲ ಅಗೆಯುವುದು ಯಾವಾಗಲೂ ನಮ್ಮದೇ. ಹೆಣಕ್ಕೆ ಗುಂಡಿ, ಕಂಬಕ್ಕೆ ಗುಂಡಿ, ಅವರ ಕಕ್ಕಸಿಗೆ ಗುಂಡಿ.

ಮೇಲೆ ಗೇಣು ಮಣ್ಣು, ಕೆಳಗೆ ಬರೀ ಗರಸು. ಹಾರೆ ಹಾಕಿದರೆ ಕಿಡಿ ಹಾರುತ್ತದೆ, ನೆಲ ಬಿಡುವುದಿಲ್ಲ. ಮಾರೇಶ್ ಹಾರೆ ಹಾಕಿದ, ಚೌಡಣ್ಣ ಗುದ್ದಲಿ ಹಿಡಿದ, ಅವ್ವ ಬುಟ್ಟಿ ಹೊತ್ತಳು. ರಜೆಯ ದಿನ ನಾನೂ ಹೊತ್ತೆ. ಅವ್ವನ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು ಅದೇ ಜಾಗದಲ್ಲಿ ಇನ್ನೊಂದು ಎದ್ದಿತು. ರೊಟ್ಟಿ ಬಡಿಯಲು ಆಗಲಿಲ್ಲ ಅವಳಿಗೆ. ಸೊಂಟ ನೆಟ್ಟಗೆ ಮಾಡಲು ಗೋಡೆ ಹಿಡಿದುಕೊಳ್ಳಬೇಕಿತ್ತು. ಆದರೂ ಯಾರೂ ಗೊಣಗಲಿಲ್ಲ. ನಮ್ಮ ಕೋಣೆಗೆ ಹೋಗುವ ಕಾಲುವೆ ಅದು. ಚೌಡಣ್ಣ ಗುದ್ದಲಿ ಹಾಕುವಾಗಲೆಲ್ಲ "ಇದು ನನ್ನ ಮಗಳಿಗೆ" ಅನ್ನುತ್ತಿದ್ದ.

ಊರೊಳಗೆ ಬಂದಾಗ ಬಾಯಾರಿತು. ಕಾಲುವೆ ಮನೆಗಳ ಮುಂದೆಯೇ ಹಾದುಹೋಗುತ್ತಿತ್ತು. ನೀರು ಕೇಳಿದರೆ ಒಬ್ಬಾಕೆ ಬಂದು ಎತ್ತರದಿಂದ ಸುರಿದಳು. ಬೊಗಸೆ ಒಡ್ಡಿ ಕುಡಿದೆವು. ಅರ್ಧ ನೀರು ಮೊಣಕೈಯಿಂದ ಇಳಿದು ಮಣ್ಣಿಗೆ ಹೋಯಿತು. ಅವಳ ಮನೆಯ ಮುಂದಿನ ಕಾಲುವೆಯನ್ನು ತೋಡಿದ್ದೂ ಅದೇ ಕೈಗಳು. ಅದಕ್ಕೆ ಅವಳಿಗೆ ಮೈಲಿಗೆ ಆಗಿರಲಿಲ್ಲ.

ಹುಣಸೆಮರದ ಹತ್ತಿರ ದಾರಿ ಸೀಳುತ್ತದೆ. ಬಲಕ್ಕೆ ಹೋದರೆ ಕೇರಿ, ಎಡಕ್ಕೆ ಹೋದರೆ ಗುಡಿ. ಗುಡಿಯ ಪಕ್ಕ ಸಮುದಾಯ ಭವನ. ಹೆಸರು ಸಮುದಾಯದ್ದು, ಒಳಗೆ ನಮ್ಮ ಕೇರಿಯ ಒಬ್ಬರೂ ಕಾಲಿಟ್ಟಿರಲಿಲ್ಲ. ಅಲ್ಲಿಗೆ ಬೆನಕಪ್ಪ ಕೊಡೆ ಹಿಡಿದು ಬಂದ.

"ಏ ಮಾರೇಶಾ, ಎಡಕ್ಕ ತಿರುಗಸಲೇ."

ಮಾರೇಶ್ ಹಾರೆ ಊರಿಕೊಂಡು ನಿಂತ. "ಎಡಕ್ಕ ಯಾಕ್ರಿ? ಕೋಣಿ ಬಲಕ್ಕ ಐತಲ್ರಿ."

"ನಿಮ್ಮ ಕೋಣಿ ತಗಡಿಂದು. ಮಳಿ ಬಂದ್ರ ಸೋರ್ತೈತಿ, ಕಳ್ಳರ ಕಾಟ ಬ್ಯಾರೆ. ಅಷ್ಟು ಬೆಲಿ ಬಾಳೋ ಸಾಮಾನು ಅಲ್ಲಿಟ್ರ ನಾಳಿ ಸರ್ಕಾರಕ್ಕ ಉತ್ತರ ಕೊಡೋನು ಯಾರು? ಭವನದಾಗ ಇಡಾಣ. ಎಲ್ಲಾರಿಗೂ ಅನುಕೂಲ."

"ಭವನದಾಗ ನಮ್ಮನ್ನ ಬಿಡ್ತೀರೇನ್ರಿ?" ನಾನು ಕೇಳಿದೆ.

"ಬಿಡಾಣಂತ. ಕಾಲ ಬದಲಾಗೈತಿ. ಮೊದಲು ಬರ್ಲಿ ತಡಿ."

"ಅರ್ಜ್ಯಾಗ ಕಾಲೋನಿ ಅಂತ ಬರದೈತಲ್ರಿ."

ಬೆನಕಪ್ಪನ ಮುಖ ಬಿಗಿಯಿತು. "ಏನವ್ವಾ, ಸಹಿ ಹಾಕ್ದೋನು ನಾನು. ನೀ ಬರದಿ ಅಂತ ನಿಮ್ಮಪ್ಪನ ಆಸ್ತಿ ಆತೇನು?"

ಎಡಕ್ಕೆ ತೋಡಿದೆವು. ಅಲ್ಲಿಯ ತನಕದ ಕೂಲಿ ಇನ್ನೂ ಅವನ ಕೈಯಲ್ಲಿತ್ತು. ಮನೆಯಲ್ಲಿ ಜೋಳ ತೀರಿತ್ತು. ಚೌಡಣ್ಣ ಆಮೇಲೆ "ಇದು ನನ್ನ ಮಗಳಿಗೆ" ಅನ್ನಲಿಲ್ಲ. ಗುದ್ದಲಿ ಹಾಕಿದ, ಎತ್ತಿದ, ಹಾಕಿದ.

ಕಂಪ್ಯೂಟರು ಬಂತು. ಭವನದಲ್ಲಿ ಇಟ್ಟರು. ಕುಂಕುಮ ಹಚ್ಚಿ, ಹಾರ ಹಾಕಿ, ಕಾಯಿ ಒಡೆದರು. ಕಿಟಕಿಗೆ ಪರದೆ ಬಂತು. ಬಾಗಿಲಿಗೆ ಬೆನಕಪ್ಪನ ಮಗ ಅಮರೇಶ್ ಕಾವಲು. ಚಪ್ಪಲಿ ಹೊರಗೆ ಬಿಡಬೇಕು, ಧೂಳು ಹೋದರೆ ಕೆಡುತ್ತದೆ ಅಂತ ಕಾಗದ ಅಂಟಿಸಿದ. ನಮ್ಮವರಿಗೆ ಬರಿಗಾಲಿನಲ್ಲಿ ಹೋದರೂ ಪ್ರವೇಶ ಇರಲಿಲ್ಲ. ನಾನು ದುರ್ಗಾದೇವಿಯನ್ನು ಕರೆದುಕೊಂಡು ಹೋದೆ.

"ಕರೆಂಟಿಲ್ಲ" ಅಂದ ಅಮರೇಶ್. ಅವನ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.

ಇನ್ನೊಂದು ದಿನ ಹೋದರೆ ಲೈನಿಲ್ಲ ಅಂದ. ಮತ್ತೊಂದು ದಿನ ಗುಡಿಯಲ್ಲಿ ಪೂಜೆ ಐತಿ, ಈ ಕಡೆ ಸುಳೀಬ್ಯಾಡ್ರಿ ಅಂದ. ಒಳಗೆ ಊರಿನ ಹುಡುಗರು ಇಸ್ಪೀಟು ಆಡುತ್ತಿದ್ದರು. ಶೇಂಗಾ ರೇಟು ನೋಡುತ್ತಿದ್ದರು. ಸಿನಿಮಾ ನಟಿಯರ ಫೋಟೊ ನೋಡಿ ಕೇಕೆ ಹಾಕುತ್ತಿದ್ದರು. ಬಾಗಿಲಿನ ಹಿಂದೆ ಒಂದು ಬೋರ್ಡು ಗೋಡೆಗೆ ಮುಖ ಮಾಡಿ ನಿಂತಿತ್ತು. ಅದರ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು: ಪರಿಶಿಷ್ಟ ಜಾತಿ ಕಾಲೋನಿ ಗ್ರಂಥಾಲಯ, ಸಿಡಿಗಲ್ಲು. ಅಧಿಕಾರಿ ಬಂದಾಗ ಮಾತ್ರ ಆ ಬೋರ್ಡು ಹೊರಗೆ ಬರುತ್ತಿತ್ತು. ರಿಯಾಯಿತಿಗೆ ನಮ್ಮ ಜಾತಿ ಬೇಕು. ಕುರ್ಚಿಗೆ ಬೇಡ.

ನಾನು ಕೂಡ್ಲಿಗಿಗೆ ಹೋಗಿ ದೂರು ಕೊಟ್ಟೆ. ಗುಮಾಸ್ತ ಕಿವಿಯಲ್ಲಿ ಕಡ್ಡಿ ಆಡಿಸುತ್ತ ಕೇಳಿದ. "ನಿಮ್ಮೂರಿಗೆ ಬಂದೈತೋ ಇಲ್ಲೋ? ಬಂದೈತಲ್ಲ. ಊರಾಗ ಹೊಂದಿಕೊಂಡು ಹೋಗ್ರಿ" ಅಂದ.

ಆದರೆ ರಿಯಾಯಿತಿಯ ಬಿಲ್ಲು ಪಾಸಾಗಲು ಒಂದು ಫೋಟೊ ಬೇಕಿತ್ತು. ಕಾಲೋನಿಯ ಮಕ್ಕಳು ಕಂಪ್ಯೂಟರು ಬಳಸುತ್ತಿರುವ ಫೋಟೊ. ಬೆನಕಪ್ಪ ಕೇರಿಗೆ ಹೇಳಿ ಕಳಿಸಿದ. ಹುಡುಗಿಯರು ಮಿಂದು, ತಲೆ ಬಾಚಿ, ಯೂನಿಫಾರಂ ಹಾಕಿ ಬರಬೇಕು. ಚೌಡಣ್ಣ ಬೇಡ ಅಂದ. ದುರ್ಗಾದೇವಿ ಕೇಳಲಿಲ್ಲ.

"ಒಂದ್ ಸಲ ಒಳಗ ಹೋದ್ರ ಹೆಂಗ್ ನೋಡಾದು ಅಂತಾದ್ರೂ ತಿಳಿತೈತಪ್ಪ" ಅಂದಳು.

ಏಪ್ರಿಲ್ ತಿಂಗಳು. ಪರೀಕ್ಷೆ ಮುಗಿದಿತ್ತು. ದುರ್ಗಾದೇವಿ ಮತ್ತು ಅವಳ ಜೊತೆಯ ಹುಡುಗಿಯರು ಭವನದ ಮೆಟ್ಟಿಲು ಹತ್ತಿದರು. ಊರು ಕಟ್ಟೆಯ ಮೇಲೆ ಕೂತು ನೋಡಿತು. ದುರ್ಗಾದೇವಿಯನ್ನು ಕುರ್ಚಿಯ ಮೇಲೆ ಕೂರಿಸಿದರು. ಉಳಿದವರನ್ನು ಹಿಂದೆ ನಿಲ್ಲಿಸಿದರು. ಕೂಡ್ಲಿಗಿಯಿಂದ ಬಂದ ಫೋಟೊದವನು ನಗ್ರಿ ಅಂದ. ದುರ್ಗಾದೇವಿ ನಗಲಿಲ್ಲ. ಕಂಪ್ಯೂಟರಿನ ಪರದೆಯನ್ನೇ ನೋಡುತ್ತಿದ್ದಳು. ಕೈ ತಾನಾಗಿ ಕೀಬೋರ್ಡಿನ ಕೀಲಿಗಳ ಕಡೆ ಹೋಯಿತು.

"ನನ್ನ ನಂಬರ್ ಎಲ್ಲಿ ಹಾಕ್ಬೇಕ್ರಿ? ರಿಸಲ್ಟಿಂದು?"

"ಕೈ ತಗೀ" ಅಂದ ಅಮರೇಶ್. "ಮುಟ್ಟಿದಂಗ ಮಾಡು. ಮುಟ್ಟಬ್ಯಾಡ."

ಅವಳು ಬೆರಳುಗಳನ್ನು ಕೀಲಿಯ ಮೇಲೆ ಕೂದಲೆಳೆಯಷ್ಟು ಎತ್ತರದಲ್ಲಿ ಹಿಡಿದಳು. ಫೋಟೊ ಆಯಿತು.

"ಸಾಕು, ಏಳ್ರಿ. ನಡೀರಿ ನಡೀರಿ."

ಹುಡುಗಿಯರು ಇಳಿದು ಹೋದರು. ಬೋರ್ಡು ಎತ್ತಿ ಬಾಗಿಲ ಹಿಂದೆ ಇಟ್ಟು ಹೋಗು ಅಂತ ಬೆನಕಪ್ಪ ನನಗೆ ಹೇಳಿದ್ದ. ನಾನು ಬೋರ್ಡು ಹಿಡಿದು ಹೊಸ್ತಿಲಲ್ಲಿದ್ದೆ. ಹಿಂದಿನ ಬಾಗಿಲಿನಿಂದ ಬೆನಕಪ್ಪನ ತಾಯಿ ನೀಲಗಂಗಮ್ಮ ಬಂದಳು. ಕೈಯಲ್ಲಿ ತಾಮ್ರದ ತಂಬಿಗೆ.

ಮೊದಲು ಕುರ್ಚಿಗೆ ಸುರಿದಳು. ಆಮೇಲೆ ಹುಡುಗಿಯರು ನಿಂತ ನೆಲಕ್ಕೆ ಚಿಮುಕಿಸಿದಳು. ಸಿಟ್ಟಿಲ್ಲ, ಅವಸರ ಇಲ್ಲ. ಬೆಳಗ್ಗೆ ಅಂಗಳ ಸಾರಿಸುವ ಹಾಗೆ ಮಾಡಿದಳು. ಮೇಜಿಗೆ ಬಂದಳು.

"ಅಜ್ಜೀ, ಅದರ ಮ್ಯಾಲ ಬ್ಯಾಡ" ಅಂದ ಅಮರೇಶ್.

"ಅಲ್ಲೇ ಕೈ ಇಟ್ಟಿದ್ಲಲ್ಲೋ, ನಾ ಕಿಟಕ್ಯಾಗ ನೋಡೀನಿ" ಅಂದಳು ಮುದುಕಿ. ಕೀಲಿಗಳ ಮೇಲೆ ಧಾರೆ ಬಿಟ್ಟಳು. ಉಳಿದದ್ದನ್ನು ಮೇಜಿನ ಕೆಳಗಿದ್ದ ಕಂಪ್ಯೂಟರಿನ ಪೆಟ್ಟಿಗೆಗಳ ಮೇಲೆ ಬಗ್ಗಿಸಿದಳು.

ಚಟ್ ಅಂತು. ನೀಲಿ ಬೆಳಕು ಹೊಳೆಯಿತು. ಹೊಗೆ ಎದ್ದಿತು. ಪರದೆ ಕಪ್ಪಾಯಿತು. ಸುಟ್ಟ ವಾಸನೆ, ಗಂಜಲದ ವಾಸನೆ ಒಟ್ಟಿಗೆ ಮೂಗಿಗೆ ಬಂದವು. ನೀಲಗಂಗಮ್ಮ ತಂಬಿಗೆ ಬಿಟ್ಟು ಹಾರಿ ಹಿಂದಕ್ಕೆ ಬಿದ್ದಳು. ನನಗೆ ಮೊದಲು ನಗು ಬಂತು. ಆಮೇಲೆ ಅಳು ಬಂತು. ಸುಟ್ಟದ್ದು ನಮ್ಮದು. ನಮ್ಮ ಹೆಸರಿನಲ್ಲಿ ಬಂದದ್ದು, ನಮ್ಮ ಅವ್ವನ ಅಂಗೈ ಸುಲಿದು ಬಂದದ್ದು.

ಅಮರೇಶ್ ನನ್ನನ್ನು ನೋಡಿದ. "ನೀ ಇನ್ನೂ ಇಲ್ಲೇ ಅದೀಯೇನಲೇ? ನಡಿ!"

ಸಂಜೆಯೊಳಗೆ ಊರು ಬೇರೆ ಕಥೆ ಕಟ್ಟಿತ್ತು. ಕೇರಿಯ ಹುಡುಗಿ ಏನೇನೋ ಒತ್ತಿದಳಂತೆ, ಕಂಪ್ಯೂಟರು ಸುಟ್ಟಿತಂತೆ. ಹೋಟೆಲಿನಲ್ಲಿ ಚೌಡಣ್ಣನಿಗೆ ಚಹಾ ಹಾಕಲಿಲ್ಲ. "ಮಗಳಿಗೆ ಮೊದಲು ಕೈ ಇಟ್ಕೊಳ್ಳಾದು ಕಲಸು" ಅಂದರು. ದುರ್ಗಾದೇವಿ ಊಟ ಬಿಟ್ಟಳು. ನಮ್ಮ ಕೋಣೆಯ ಮೂಲೆಯಲ್ಲಿ ಕೂತು ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು.

"ಅಕ್ಕಾ, ನಾ ಖರೇನ ಮುಟ್ಟಿಲ್ಲ."

"ಮುಟ್ಟಿದ್ರೂ ಕೆಡಂಗಿಲ್ಲಬೇ. ಮುಟ್ಟಾಕ ಮಾಡಿರೋದು ಅದು" ಅಂದೆ.

ಕೆಲವು ದಿನ ಬಿಟ್ಟು ಬೆನಕಪ್ಪ ನನ್ನನ್ನು ಪಂಚಾಯಿತಿಗೆ ಕರೆಸಿದ. ಬಾರವ್ವ ಅಂದ. ಅಷ್ಟು ಮೆತ್ತಗೆ ಅವನು ನಮ್ಮ ಜೊತೆ ಮಾತಾಡಿದ್ದೇ ಇಲ್ಲ. ಟೈಪು ಮಾಡಿದ ಕಾಗದ ಮುಂದಿಟ್ಟ. ಗ್ರಂಥಾಲಯದ ಮೇಲ್ವಿಚಾರಕಿ ಬರೆದುಕೊಟ್ಟ ಹಾಗೆ ಇತ್ತು. ಕಾಲೋನಿಯ ವಿದ್ಯಾರ್ಥಿನಿ ದುರ್ಗಾದೇವಿ ತಿಳಿವಳಿಕೆ ಇಲ್ಲದೆ ಸರ್ಕಾರಿ ಯಂತ್ರವನ್ನು ಹಾಳು ಮಾಡಿದ್ದಾಳೆ, ಅಂತ. ಸಹಿಯ ಜಾಗ ಖಾಲಿ.

"ನೋಡವ್ವ. ಫಲಾನುಭವಿ ಕೈಯಿಂದ ಕೆಟ್ರ ಸರ್ಕಾರ ಹೊಸದು ಕೊಡ್ತೈತಿ. ಇಟ್ಕೊಂಡೋರ ತಪ್ಪು ಅಂದ್ರ ದಂಡ ನಮ್ಮ ಮ್ಯಾಲ, ರಿಯಾಯ್ತಿನೂ ಹೋಗ್ತೈತಿ. ನೀ ಸಹಿ ಹಾಕು. ಹೊಸದು ಭವನಕ್ಕ ಬರ್ತೈತಿ. ಹಳೇದು ನಾನೇ ರಿಪೇರಿ ಮಾಡ್ಸಿ ನಿಮ್ಮ ಕೋಣಿಗೆ ಕೊಡ್ತೀನಿ. ಲೈನೂ ಎಳಸ್ತೀನಿ. ನಿನಗ ಬೇಕಾಗಿದ್ದು ಅದ ಅಲ್ಲೇನು?"

"ಹುಡುಗಿ ಹೆಸರು ಹಾಳಾಗ್ತೈತಲ್ರಿ. ಸರ್ಕಾರಿ ಸಾಮಾನು ಹಾಳು ಮಾಡ್ದಾಕಿ ಅಂತ ಕಾಗದ ಆದ್ರ ಹಾಸ್ಟೆಲಿನಾಗ ಸೀಟು ಕೊಡ್ತಾರೇನ್ರಿ?"

"ಸಹಿ ಹಾಕಲಿಲ್ಲ ಅಂದ್ರ ನಿನ್ನ ಕೆಲಸನೂ ಇರಂಗಿಲ್ಲ. ಯೋಚನಿ ಮಾಡು. ತನಿಖೆಗೆ ಬಳ್ಳಾರಿಯಿಂದ ಸಾಹೇಬ್ರು ಬರ್ತಾರ."

ಮನೆಗೆ ಬಂದು ಹೇಳಿದೆ. ಮಾರೇಶ್ ಬೀಡಿ ಎಸೆದ. "ಹಾಕಬೇ ಸಹಿ. ಹೆಂಗೂ ಕೆಟ್ಟ ಹೆಸರು ಬಂದೇ ಬಂದೈತಿ. ಲೈನಾದ್ರೂ ಬರ್ಲಿ. ಎಡಕ್ಕ ತೋಡಿದ ಬೆವರು ಸುಮ್ಮನ ಹೋಗ್ಬೇಕೇನು?"

ನನಗೂ ಆಸೆಯಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಆಸೆಯಾಯಿತು. ಕೋಣೆಯಲ್ಲಿ ಮೇಜಿಗೆ ಬಿಟ್ಟ ಜಾಗ ಕಣ್ಣ ಮುಂದೆ ಬಂತು. ಭರಮಮ್ಮನ ತಂಗಿ, ಅವಳ ಹಿಂದಿನವರು, ಎಲ್ಲರೂ ಅಲ್ಲಿ ಕೂತು ಮುಟ್ಟಬಹುದು.

ಅವ್ವ ಮೊರದಲ್ಲಿ ಜೋಳ ಕೇರುತ್ತಿದ್ದವಳು ಕೈ ನಿಲ್ಲಿಸಿದಳು. "ಆ ಹುಡುಗಿನ ತುಳದು ಪೆಟ್ಟಿಗಿ ತಂದ್ರ, ನಾ ಕಲ್ಲು ಹೊತ್ತ ಕೋಣ್ಯಾಗ ನಾನೇ ಕಾಲಿಡಂಗಿಲ್ಲ. ತಿಳಕೊಳ್ರಿ ಇಬ್ರೂ." ಮತ್ತೆ ಕೇರತೊಡಗಿದಳು. ಮಾರೇಶ್ ಎದ್ದು ಹೊರಗೆ ಹೋದ.

ತನಿಖೆಯ ದಿನ ಬಳ್ಳಾರಿಯ ಜೀಪು ಭವನದ ಮುಂದೆ ನಿಂತಿತು. ಸಾಹೇಬರು ಮತ್ತು ಅವರ ಜೊತೆ ಒಬ್ಬ ಮೆಕ್ಯಾನಿಕ್. ಬೋರ್ಡು ಹೊರಗೆ ಬಂದಿತ್ತು. ಊರು ಕಟ್ಟೆಯ ಮೇಲೆ ಕೂತಿತ್ತು. ಕೇರಿ ಮೆಟ್ಟಿಲ ಕೆಳಗೆ ನಿಂತಿತ್ತು. ದುರ್ಗಾದೇವಿ ನನ್ನ ಅವ್ವನ ಸೆರಗು ಹಿಡಿದು ನಿಂತಿದ್ದಳು. ನನ್ನನ್ನು ಮೇಲೆ ಕರೆದರು. ಹೋದೆ. ಸಾಹೇಬರು ಕಾಗದ ಚಾಚಿದರು.

"ಇಲ್ಲಿ ಸಹಿ ಮಾಡಮ್ಮ."

"ಇದು ಸುಳ್ಳು ರೀ ಸಾರ್."

"ಏನು ಸುಳ್ಳು?"

"ಎಲ್ಲಾ ಸುಳ್ಳು. ಹುಡುಗಿ ಮುಟ್ಟಿಲ್ಲ. ಆಕಿ ಕುಂತಿದ್ದಕ್ಕ ಮೈಲಿಗಿ ಆತು ಅಂತ ಬೆನಕಪ್ಪನವರ ತಾಯಿ ಗಂಜಲ ಸುರಿದ್ರು. ನಾ ನೋಡೀನಿ."

ಕಟ್ಟೆಯ ಮೇಲೆ ಗದ್ದಲ ಎದ್ದಿತು. ಬೆನಕಪ್ಪ ಕೂಗಿದ, "ನಾಲಿಗಿ ಬಿಗಿ ಹಿಡಿ!" ಮೆಕ್ಯಾನಿಕ್ ಕೀಬೋರ್ಡು ಎತ್ತಿ ಬೋರಲು ಹಾಕಿದ. ಬಿಚ್ಚಿದ. ಒಳಗೆ ಹಳದಿ ಗಟ್ಟಿಯಾಗಿ ಅಂಟಿಕೊಂಡಿತ್ತು. ವಾಸನೆ ಭವನದ ತುಂಬ ಹರಡಿತು. ಸಾಹೇಬರು ಕರ್ಚೀಫು ತೆಗೆದು ಮೂಗು ಮುಚ್ಚಿಕೊಂಡರು.

ಬೆನಕಪ್ಪನ ದನಿ ಇಳಿಯಿತು. "ಹಳೇ ಮಂದಿ ಸಾರ್. ಅವರಿಗೇನ್ ತಿಳಿತೈತಿ. ಪದ್ಧತಿ."

ನ್ಯಾಯ ಬಂತು ಅಂದುಕೊಂಡೆ ನಾನು. ಸಾಹೇಬರು ಕರ್ಚೀಫಿನ ಹಿಂದಿನಿಂದಲೇ ಮಾತಾಡಿದರು.

"ನೋಡಮ್ಮ, ದೊಡ್ಡದು ಮಾಡೋದು ಬೇಡ. ಹುಡುಗಿಯ ಹೆಸರು ತೆಗೆಯೋಣ. ಆಕಸ್ಮಿಕವಾಗಿ ದ್ರವ ಬಿತ್ತು ಅಂತ ಬರೆಯೋಣ. ಯಾರು, ಯಾಕೆ, ಅದೆಲ್ಲ ಬೇಡ. ಊರಲ್ಲಿ ಶಾಂತಿ ಇರಬೇಕಲ್ವಾ?"

"ದ್ರವ ಅಲ್ರಿ, ಗಂಜಲ. ಬಿದ್ದಿಲ್ರಿ, ಸುರಿದಾರ. ನಮ್ಮ ಹುಡುಗಿ ಕುಂತಾಳ ಅಂತ ಸುರಿದಾರ. ಅಷ್ಟೂ ಬರೀರಿ."

"ಹಠ ಮಾಡಬೇಡ."

"ಹಂಗ ನಮ್ಮ ಗ್ರಂಥಾಲಯ ಇದಲ್ಲ. ಅದು ಕೇರ್ಯಾಗ ಐತಿ. ಬರ್ರಿ, ತೋರಸ್ತೀನಿ. ಅದನ್ನೂ ಬರೀರಿ."

ಅವರು ಕೇರಿಯ ಕಡೆ ತಲೆ ಕೂಡ ತಿರುಗಿಸಲಿಲ್ಲ. ಸಿಟ್ಟಿನಿಂದ ಪೆನ್ನು ಮುಚ್ಚಿದರು.

"ಸರಿ. ಹಾಗಾದರೆ ಜಾಗ ಬೇರೆ ಅಂತ ಬರೀತೀನಿ. ರಿಯಾಯಿತಿ ರದ್ದು. ಲೈನು ಕಟ್. ಯಂತ್ರ ಈಗಲೇ ವಾಪಸ್. ಈ ಊರಿಗೆ ಇನ್ನು ಸಿಗಲ್ಲ. ನಿನಗೂ ಇಲ್ಲ, ಅವರಿಗೂ ಇಲ್ಲ. ಸಮಾಧಾನ ಆಯ್ತಾ?"

"ಊರಿಗೆ ಬಂದಿತ್ರಿ ಸಾರ್, ಊರಿಂದ ಹೋಗ್ತೈತಿ. ಕೇರಿಗೆ ಬಂದೇ ಇಲ್ಲ. ನಾ ಮತ್ತ ಅರ್ಜಿ ಹಾಕ್ತೀನಿ."

ಸಹಿ ಇಲ್ಲದ ಕಾಗದವನ್ನು ಅವರ ಮುಂದಿಟ್ಟೆ. ಸಾಹೇಬರು ಅದನ್ನು ಹರಿದು ಜೇಬಿಗೆ ತುರುಕಿದರು. ದುರ್ಗಾದೇವಿಯ ಹೆಸರು ಯಾವ ಸರ್ಕಾರಿ ಕಾಗದದ ಮೇಲೂ ಉಳಿಯಲಿಲ್ಲ. ಅಷ್ಟು ಸಾಕಿತ್ತು ನನಗೆ.

"ನಾಳಿಂದ ನೀ ಮೇಲ್ವಿಚಾರಕಿ ಅಲ್ಲ. ಕೋಣಿ ಬೀಗ ತಂದು ಒಪ್ಪಿಸು" ಅಂದ ಬೆನಕಪ್ಪ.

"ಸಂಬಳ ನಿಮ್ಮದು, ಬಿಡ್ರಿ. ಕೋಣಿ ನಮ್ಮದು. ಬೀಗ ಕೊಡಂಗಿಲ್ಲ."

ಮೆಟ್ಟಿಲು ಇಳಿದೆ. ನಾಳೆಯಿಂದ ಗಿರಣಿಯಲ್ಲಿ ನಮ್ಮ ಜೋಳ ಬೀಸುವುದಿಲ್ಲ, ಹೊಲಕ್ಕೆ ಕರೆಯುವುದಿಲ್ಲ, ಎಲ್ಲ ಗೊತ್ತಿತ್ತು. ಕೇರಿಗೂ ಗೊತ್ತಿತ್ತು. ಯಾರೂ ನನಗೆ ಭೇಷ್ ಅನ್ನಲಿಲ್ಲ. ಅವ್ವ ಸ್ವಲ್ಪ ಸರಿದು ತನ್ನ ಪಕ್ಕ ಜಾಗ ಮಾಡಿದಳು.

ಜೀಪಿನ ಹಿಂದಿನ ಬಾಗಿಲು ತೆರೆದರು. ಬೆನಕಪ್ಪ ಮೆಟ್ಟಿಲ ಮೇಲೆ ನಿಂತು ಯಾವತ್ತಿನ ಹಾಗೆ ಕೈ ಮಾಡಿದ. "ಏ ಮಾರೇಶಾ, ಬಾರಲೇ. ಇವನ್ನ ಹೊತ್ತು ಜೀಪಿಗೆ ಹಾಕು."

ಮಾರೇಶ್ ಕದಲಲಿಲ್ಲ. ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡಿದ್ದ.

"ಕೇಳಸ್ಲಿಲ್ಲೇನು?"

"ಕೇಳಸ್ತು ರೀ. ನಮ್ಮ ಕೈ ಮುಟ್ಟಿದ್ರ ಕೆಡ್ತೈತಿ ಅಂದ್ರಲ್ರಿ. ನೀವ ಹೊರ್ರಿ."

ಬೆನಕಪ್ಪ ಚೌಡಣ್ಣನನ್ನು ಕೂಗಿದ. ಚೌಡಣ್ಣ ಕಟ್ಟೆಯ ಕಡೆಗೊಮ್ಮೆ ನೋಡಿ ಮಗಳ ಹೆಗಲ ಮೇಲೆ ಕೈ ಹಾಕಿದ. ಕೇರಿಯ ಗಾಳೆಪ್ಪನನ್ನು ಕೂಗಿದ. ಗಾಳೆಪ್ಪ ನೆಲ ನೋಡಿದ, ಹೆಜ್ಜೆ ಎತ್ತಲಿಲ್ಲ. ಸಾಹೇಬರು ವಾಚು ನೋಡಿಕೊಂಡು, "ಬೇಗ ಬೇಗ" ಅಂದರು.

ಅಮರೇಶ್ ಮಾನಿಟರು ಎತ್ತಿದ. ಬೆನಕಪ್ಪ ಬಿಳಿ ಧೋತರವನ್ನು ಮೇಲೆ ಕಟ್ಟಿ, ಗಂಜಲ ಕುಡಿದ ಆ ಪೆಟ್ಟಿಗೆಯನ್ನು ತಬ್ಬಿ ಎತ್ತಿದ. ವಾಸನೆಗೆ ಮುಖ ಒಂದು ಕಡೆ ತಿರುಗಿಸಿಕೊಂಡ. ಮೆಟ್ಟಿಲು ಇಳಿಯುವಾಗ ಒಮ್ಮೆ ಮುಗ್ಗರಿಸಿದ. ಕತ್ತಿನ ನರ ಉಬ್ಬಿತ್ತು. ಜೀಪಿಗೂ ಅವನಿಗೂ ನಡುವೆ ನಾವು ನಿಂತಿದ್ದೆವು. ಅವ್ವ, ಚೌಡಣ್ಣ, ದುರ್ಗಾದೇವಿ, ಮಾರೇಶ್, ನಾನು, ಇಡೀ ಕೇರಿ.

"ದಾರಿ ಬಿಡ್ರಿ" ಅಂದ.

ಬಿಡಲಿಲ್ಲ. ಅವನು ನಮ್ಮನ್ನು ಮುಟ್ಟುವ ಹಾಗಿರಲಿಲ್ಲ. ಪೆಟ್ಟಿಗೆ ಹೊತ್ತುಕೊಂಡು ಅವನೇ ಸುತ್ತು ಹಾಕಿ ಹೋದ.